ಹಿಂದಿನ ಮನೆಯಕ್ಕನ ಹಕ್ಕಿ ಲೆಕ್ಕ

ಬನ್ನೂರಿನ ನಾದಿನಿ ಮನೆಯಿಂದ ಹೋದ ವಾರ ಒಂದು ಚೀಲ ನುಚ್ಚು ಬಂತು. ಹೊಸ ಭತ್ತ ಮಿಲ್ಲಿಗೆ ಹಾಕಿಸಿದಾಗಲೆಲ್ಲ ಕಳಿಸಿಕೊಡುವುದು ಅವಳ ರೂಢಿ. ಚೀಲದ ಬಾಯಿ ಬಿಚ್ಚಿದೆ. ತೌಡು ಬೆರೆತ, ಕೊಂಚ ಬೆಚ್ಚಗಿನ ಆ ವಾಸನೆ ಮೂಗಿಗೆ ಹೊಡೆದು ಸೀನು ಬಂತು. ಸೀನಿ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುವಷ್ಟರಲ್ಲಿ ಹಿಂದಿನ ಮನೆಯಕ್ಕ ನೆನಪಾದರು. ಅವರ ಬೆನ್ನಿಗೇ ನನ್ನ ಹಳೆಯ ಹೊಟ್ಟೆಕಿಚ್ಚೂ ಎದ್ದು ಕೂತಿತು. ತೀರಿಕೊಂಡವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅನ್ನುತ್ತಾರೆ. ಹಾಗನ್ನುವವರಿಗೆ ಅಕ್ಕನಂಥ ನೆರೆಯವರು ಇದ್ದಿರಲಿಕ್ಕಿಲ್ಲ.

ತಿರುಮಕೂಡಲಿನಲ್ಲಿ ನಮ್ಮ ಹಿತ್ತಲಿಗೆ ಅವರ ಹಿತ್ತಲು ಬೆನ್ನು ಕೊಟ್ಟಿತ್ತು. ನಡುವೆ ಎದೆಮಟ್ಟದ ಗೋಡೆ. ಅವರು ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದು ರಿಟೈರ್ ಆದವರು. ನಾನು ಕರೆಂಟ್ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದೆ. ಹದಿನಾರು ಅನ್ನುವ ಹಳ್ಳಿಯವರು, ಮದುವೆ ಮಾಡಿಕೊಂಡಿರಲಿಲ್ಲ. ಹಾಸ್ಟೆಲ್ ಹುಡುಗಿಯರನ್ನು ಗದರಿಸಿ ಗದರಿಸಿ ದನಿ ದಪ್ಪವಾಗಿತ್ತು. ಆ ದನಿಗೆ ಹೆದರಿ ನಮ್ಮ ಮನೆಯ ಬೆಕ್ಕು ಗೋಡೆ ಹತ್ತುತ್ತಿರಲಿಲ್ಲ. ಹಕ್ಕಿಗಳು ಮಾತ್ರ ಅದ್ಯಾಕೋ ಹೆದರುತ್ತಿರಲಿಲ್ಲ...

ಹಕ್ಕಿ ಎಣಿಸುವ ಹುಚ್ಚು ಮೊದಲು ಹಿಡಿದದ್ದು ನನಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಊರಿನವರೆಲ್ಲ ಅದು ಅಕ್ಕನದೇ ಅಂದುಕೊಂಡರು. ಮೈಸೂರಿನ ಒಬ್ಬ ಹುಡುಗಿ ನಮ್ಮೂರಿನ ಲೈಬ್ರರಿಗೆ ಬಂದು, ಮನೆ ಹಿತ್ತಲಿಗೆ ಬರುವ ಹಕ್ಕಿಗಳನ್ನು ಎಣಿಸಿ ಮೊಬೈಲಿನ ಆ್ಯಪಿಗೆ ಹಾಕುವುದು ಹೇಗೆ ಅಂತ ಹೇಳಿಕೊಟ್ಟಳು. ಒಂದು ನೋಟಕ್ಕೆ ಎಷ್ಟು ಕಾಣುತ್ತವೋ ಅಷ್ಟನ್ನೇ ಹಾಕಬೇಕು, ಹೋದ ಹಕ್ಕಿಯೇ ತಿರುಗಿ ಬಂದರೆ ಕೂಡಿಸಬಾರದು ಅಂದಳು. ವರ್ಷವಿಡೀ ಹೀಗೆ ಊರೂರಿನಲ್ಲಿ ಜನ ಎಣಿಸಿ ಹಾಕಿದರೆ ಯಾವ ಹಕ್ಕಿ ಹೆಚ್ಚುತ್ತಿದೆ, ಯಾವುದು ಕಡಿಮೆಯಾಗುತ್ತಿದೆ ಅಂತ ವಿಜ್ಞಾನಿಗಳಿಗೆ ತಿಳಿಯುತ್ತದಂತೆ. ಒಬ್ಬಳೇ ಹೋಗಲು ಬೇಸರವಾಗಿ ಅಕ್ಕನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ.

ನಾನು ಮೈಸೂರಿಗೆ ಹೋಗಿ ಬರ್ಡ್ ಫೀಡರ್ ತಂದೆ. ಹಸಿರು ಪ್ಲಾಸ್ಟಿಕ್, ಮೇಲೊಂದು ಕೊಡೆ, ಕೆಳಗೆ ಕೂರಲು ಕಡ್ಡಿ. ಅಕ್ಕ ಹಳೆಯ ಮೊರದಲ್ಲಿ ನುಚ್ಚು ಹರಡಿ ಸೀಬೆ ಮರದ ಕವಲಿಗೆ ಕಟ್ಟಿದರು. ಆ ನುಚ್ಚು ಸಹ ನಮ್ಮ ಮನೆಯಿಂದ ನಾನು ಕೊಟ್ಟದ್ದೇ. ನನ್ನ ಫೀಡರಿನ ಮೇಲೆ ಗುಬ್ಬಿ ಸಹ ಕೂರದೆ ಇರುವೆ ಹತ್ತಿತು. ಅವರ ಮೊರದಲ್ಲಿ ಬೆಳಕು ಹರಿಯುವ ಮೊದಲೇ ಸಂತೆ ನೆರೆಯುತ್ತಿತ್ತು.

ಆಷಾಢದ ಗಾಳಿಯಲ್ಲಿ ಸೀಬೆ ಹಣ್ಣಾಗುತ್ತಿದ್ದಂತೆ ಗಿಳಿಗಳು ಅವರಲ್ಲಿಗೆ ಇಳಿಯುತ್ತಿದ್ದವು. ಗದ್ದೆ ಕೊಯ್ಲಾಗುವ ತನಕ ರಾಟವಾಳಗಳು, ಕೊಯ್ಲು ಕಳೆದ ಮೇಲೆ ಬೆಳವಗಳು, ಯುಗಾದಿ ಹೊತ್ತಿಗೆ ಕುಟ್ರು ಹಕ್ಕಿ. ನಮ್ಮ ಹಿತ್ತಲನ್ನು ನಾನು ಬೆಳಗ್ಗೆ ಸಂಜೆ ಗುಡಿಸಿ, ತುಳಸಿ ಕಟ್ಟೆಗೆ ಸುಣ್ಣ ಬಳಿದು ಕನ್ನಡಿಯ ಹಾಗೆ ಇಟ್ಟಿದ್ದೆ. ಅವರು ಉದುರಿದ ಎಲೆ ತೆಗೆಯುತ್ತಲೇ ಇರಲಿಲ್ಲ. ಪಾತ್ರೆ ತೊಳೆದ ನೀರು ಆ ಎಲೆಯ ಮೇಲೇ ಹರಿಯುತ್ತಿತ್ತು. ಸೋಮಾರಿ ಹೆಂಗಸಿನ ಹಿತ್ತಲಿಗೇ ಹಕ್ಕಿಗಳು ಬರುತ್ತವೆ ಅಂತ ನಮ್ಮೆಜಮಾನರ ಹತ್ತಿರ ಆಡಿಕೊಂಡೆ. ಅವರು ಪೇಪರಿನಿಂದ ತಲೆ ಎತ್ತದೆ, "ನಿನ್ನ ಹೊಟ್ಟೆ ಉರಿ ಮೇಲೆ ಒಂದು ರೊಟ್ಟಿ ಬೇಯಿಸ್ಕೋಬಹುದು ಕಣೇ" ಅಂದರು.

ಆ್ಯಪಿನಲ್ಲಿ ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ನೋಡಬಹುದಿತ್ತು. ಕಾಫಿ ಕುಡಿಯುತ್ತಾ ಮೊದಲು ಅಕ್ಕನದನ್ನು ತೆಗೆಯುತ್ತಿದ್ದೆ, ಆಮೇಲೆ ನನ್ನದು. ನನ್ನ ಗಿಳಿ ಮೂರಾದರೆ ಅವರದು ಒಂಬತ್ತು. ನನ್ನ ಮೈನಾ ನಾಲ್ಕಾದರೆ ಅವರದು ಡಜನ್ನಿನ ಹತ್ತಿರ. ಕಾಫಿ ಕಹಿಯಾಗುತ್ತಿತ್ತು. ಒಂದು ಸಮಾಧಾನವೂ ಇತ್ತು. ಕೆಂಬೂತ, ಮಿಂಚುಳ್ಳಿ ಇಂಥವು ಅವರ ಪಟ್ಟಿಯಲ್ಲಿ ಕಾಣುತ್ತಲೇ ಇರಲಿಲ್ಲ. ನನ್ನಲ್ಲಿ ಜೋಡಿಯಾಗಿ ಬರುತ್ತಿದ್ದ ಮಡಿವಾಳ ಹಕ್ಕಿ ಅವರಲ್ಲಿ ಒಂಟಿ. ಗುಂಪುಗಟ್ಟಿ ಗಲಾಟೆ ಮಾಡುವವನ್ನು ಬಿಟ್ಟರೆ ಬೇರೆ ಹಕ್ಕಿ ಇವರ ಕಣ್ಣಿಗೆ ಬೀಳುವುದಿಲ್ಲ ಅಂದುಕೊಂಡೆ. ಹಾಗೆ ಅಂದುಕೊಂಡ ದಿನ ಊಟ ರುಚಿಸುತ್ತಿತ್ತು.

ಮೈಸೂರಿನ ಹುಡುಗಿ ಬಂದಾಗಲೂ ನಮ್ಮ ಮನೆಯಲ್ಲಿ ಕಾಫಿ ಕುಡಿದು ಅಕ್ಕನ ಹಿತ್ತಲಿಗೆ ಹೋಗುತ್ತಿದ್ದಳು. ಅಲ್ಲಿ ಕೂತರೆ ಏಳುತ್ತಿರಲಿಲ್ಲ. ಜೊತೆಗೆ ಬಂದವರು ಸೀಬೆ ಮರದ ಫೋಟೊ, ಮೊರದ ಫೋಟೊ ತೆಗೆದುಕೊಂಡರು. ನನ್ನ ಫೀಡರಿನ ಫೋಟೊ ಯಾರೂ ತೆಗೆಯಲಿಲ್ಲ. ಲೋಟ ತೊಳೆಯುತ್ತಾ ಗೋಡೆಯಾಚೆಯ ನಗು ಕೇಳಿಸಿಕೊಳ್ಳುತ್ತಿದ್ದೆ... ನನಗೆ ಬೇಕಾಗಿದ್ದುದು ಇಷ್ಟೇ. ಒಂದೇ ಒಂದು ಹಕ್ಕಿ, ಅಕ್ಕನಲ್ಲಿ ಇಲ್ಲದ್ದು, ನನ್ನ ಹಿತ್ತಲಿಗೆ ಬರಬೇಕು.

ಬಂತು. ದೀಪಾವಳಿ ಕಳೆದು ಚಳಿ ಹಿಡಿದಿತ್ತು. ಮಂಡಿ ನೋವಿನ ನೆಪದಲ್ಲಿ ಕೆಲವು ದಿನದಿಂದ ನಾನು ಹಿತ್ತಲು ಗುಡಿಸಿರಲಿಲ್ಲ. ಕರಿಬೇವಿನ ಬುಡದ ತರಗೆಲೆಯಲ್ಲಿ ಏನೋ ಕುಪ್ಪಳಿಸಿತು. ಮೋಟು ಬಾಲ, ಹಸಿರು ಬೆನ್ನು, ಕಣ್ಣಿಗೆ ದಪ್ಪನೆಯ ಕಾಡಿಗೆ ತೀಡಿದ ಹಾಗೆ ಕಪ್ಪು ಪಟ್ಟಿ, ಬಾಲದ ಕೆಳಗೆ ಕುಂಕುಮದಷ್ಟು ಕೆಂಪು. ನವರಂಗ. ಹಿಮಾಲಯದ ಕಡೆಯಿಂದ ಚಳಿಗಾಲಕ್ಕೆ ನಮ್ಮ ಸೀಮೆಗೆ ಇಳಿಯುವ ಹಕ್ಕಿ. ಕಾಳಿಗೆ ಬರುವಂಥದ್ದಲ್ಲ, ಎಲೆ ಕೆದಕಿ ಹುಳ ಹಿಡಿಯುತ್ತದೆ, ಬರುವುದು ಯಾವಾಗಲೂ ಒಂಟಿಯಾಗಿ. ನಿಂತಲ್ಲೇ ಆ್ಯಪಿಗೆ ಹಾಕಿದೆ: ನವರಂಗ, ಒಂದು.

ಮೈಸೂರಿನ ಹುಡುಗಿ ಫೋನ್ ಮಾಡಿ, "ಆಂಟಿ, ನಿಮ್ಮೂರಿಂದ ಇದೇ ಮೊದಲನೇದು" ಅಂದಳು. ಅವಳು ಮಾಡಿದ್ದ ಹಕ್ಕಿಯವರ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆಗಳು ಬಂದವು. ಆ ದಿನ ಕೇಸರಿಬಾತು ಮಾಡಿ ಗೋಡೆಯ ಮೇಲಿಂದ ಅಕ್ಕನಿಗೂ ಒಂದು ಡಬ್ಬಿ ಕೊಟ್ಟೆ. ಸುದ್ದಿ ಕೇಳಿ ಅವರು, "ಬಂತಾ? ಒಳ್ಳೇದಾಯ್ತು ಬುಡವ್ವ" ಅಂದರು. ಅಷ್ಟೇ. ಮುಖ ನೋಡಿದೆ, ಏನೂ ಗೊತ್ತಾಗಲಿಲ್ಲ. ಒಳಗೊಳಗೇ ಉರಿಯುತ್ತಿದೆ, ತೋರಿಸಿಕೊಳ್ಳುತ್ತಿಲ್ಲ ಅಂತ ನಾನೇ ತೀರ್ಮಾನಿಸಿ ಖುಷಿಪಟ್ಟೆ. ಆಮೇಲಿನ ಚಳಿಗಾಲಗಳಲ್ಲೂ ನವರಂಗ ನಮ್ಮಲ್ಲಿಗೆ ಬಂತು, ಅಕ್ಕನ ಪಟ್ಟಿಯಲ್ಲಿ ಮಾತ್ರ ಅದರ ಹೆಸರು ಒಂದು ಸಲವೂ ಬರಲಿಲ್ಲ. ಅವರ ಗಿಳಿ ಎಷ್ಟಾದರೂ ಆಗಲಿ, ನನಗೆ ನವರಂಗ ಇತ್ತು.

ಅವರ ಕೊನೆಯ ಚಳಿಗಾಲದಲ್ಲಿ ಅಕ್ಕನಿಗೆ ಕಾಲು ಊದಿಕೊಂಡು ಓಡಾಟ ನಿಂತಿತ್ತು. ಉಸಿರು ಕಟ್ಟುತ್ತಿತ್ತು. ಹಿತ್ತಲ ಜಗಲಿಗೆ ಮಂಚ ಹಾಕಿಸಿಕೊಂಡು ಮರ ನೋಡುತ್ತಾ ಮಲಗಿರುತ್ತಿದ್ದರು. ಸಾಯಂಕಾಲ ನಾನು ಹೋಗಿ ಕೂರುತ್ತಿದ್ದೆ. ಒಂದು ದಿನ ತಮ್ಮ ಮೊಬೈಲನ್ನು ನನ್ನ ಕೈಗೆ ಕೊಟ್ಟು, "ಬೆರಳು ಕೇಳಾಕಿಲ್ಲ ಕಣವ್ವ. ನಾನ್ ಏಳ್ತೀನಿ, ನೀನ್ ಆಕು" ಅಂದರು.

ಮೊರದಲ್ಲಿ ಪಿಕಳಾರಗಳು ಕೂತಿದ್ದವು. "ಪಿಕಳಾರ ನಾಕು" ಅಂದರು.

"ಐದಿದೆ ಅಕ್ಕ" ಅಂದೆ.

"ಗೊತ್ತು. ನಾಕು ಅಂತ ಆಕು."

ನಾನು ಮುಖ ನೋಡಿದೆ. ಅವರು ನಿಧಾನವಾಗಿ ಉಸಿರು ಎಳೆದುಕೊಂಡು ಹೇಳಿದರು. "ಜೀವ ಇರೋದ್ನ ಪೂರ್ತಿ ಎಣಿಸ್ಬಾರ್ದು. ದೃಷ್ಟಿ ಆಯ್ತದೆ. ಕುರಿ ಆಗ್ಲಿ, ಕೋಳಿ ಮರಿ ಆಗ್ಲಿ, ನಮ್ಮವ್ವ ಒಂದ ಬುಟ್ಟೇ ಲೆಕ್ಕ ಏಳೋಳು. ಆ ಒಂದು ಮಿಕ್ಕವನ್ನ ಕಾಯ್ತದೆ ಅನ್ನೋಳು."

"ಹಾಸ್ಟೆಲಲ್ಲಿ ಹುಡುಗಿಯರನ್ನ ದಿನಾ ಎಣಿಸ್ತಿದ್ರಲ್ಲ?"

"ಅಲ್ಲಿ ಒಂದ ಬುಟ್ರೆ ಸಸ್ಪೆಂಡ್ ಮಾಡ್ತಿದ್ರು. ನನ್ನೂ ಸೇರಿಸ್ಕಂಡು ಎಣಿಸ್ತಿದ್ದೆ. ಆಮೇಲೆ ನನ್ನ ಬುಡ್ತಿದ್ದೆ."

ಅವರು ನಕ್ಕರು. ನನಗೆ ನಗು ಬರಲಿಲ್ಲ. ನಾನು ಮನಸ್ಸಿನಲ್ಲಿ ಅವರ ಹಳೆಯ ಪಟ್ಟಿಗಳನ್ನೆಲ್ಲ ತೆಗೆದು ಒಂದೊಂದು ಕೂಡಿಸುತ್ತಿದ್ದೆ. ಒಂಬತ್ತು ಗಿಳಿ ಹತ್ತಾಯಿತು. ಒಂಟಿ ಮಡಿವಾಳ ಜೋಡಿಯಾಯಿತು. ಪ್ರತಿಯೊಂದರಲ್ಲೂ ಒಂದು ಬಿಟ್ಟುಕೊಟ್ಟು ಸಹ ಈಯಮ್ಮ ನನ್ನನ್ನು ಸೋಲಿಸಿದ್ದರು. ಕಾಯಿಲೆಯವರ ಮಂಚದ ಪಕ್ಕ ಕೂತು ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು.

ಆಗ ಸೀಬೆ ಮರದ ಕೆಳಗೆ ಒದ್ದೆ ಎಲೆ ಸರಿಯಿತು. ಮೋಟು ಬಾಲ ಕಂಡಿತು.

"ಬಂದ ನೋಡು" ಅಂದರು ಅಕ್ಕ. "ಇವತ್ತು ವಸಿ ಲೇಟು."

ನಾನು ಮಂಚದ ಕಡೆ ತಿರುಗಿದೆ. "ಇದು... ಇಲ್ಲಿಗೆ ಯಾವಾಗಿಂದ ಬರುತ್ತೆ ಅಕ್ಕ?"

"ನಾವು ಎಣಿಸಾಕೆ ಸುರು ಮಾಡ್ದಾಗಿಂದ್ಲೂ ಬತ್ತಾವ್ನೆ. ಇಲ್ಲಿ ಕೆದಕಿ ಸಾಕಾದ್ರೆ ಗೋಡೆ ಆರ್ಕಂಡು ನಿಮ್ಮನೆ ಕಡೀಕೆ ಓಯ್ತಾನೆ."

"ಮತ್ತೆ ಯಾಕೆ ಒಂದು ಸಲವೂ ಹಾಕಲಿಲ್ಲ?"

"ಬರೋದೇ ಒಂದು. ಒಂದ್ರಲ್ಲಿ ಒಂದ ಬುಟ್ರೆ ಏನಂತ ಆಕ್ಲಿ?" ಅಂದು ಕಣ್ಣು ಮುಚ್ಚಿಕೊಂಡರು. ನಿದ್ದೆ ಹತ್ತಿತೇನೋ ಅಂದುಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ಕಣ್ಣು ಮುಚ್ಚಿಕೊಂಡೇ, "ನಿಂಗೂ ಏನಾರ ಒಂದು ಬೇಕಾಗಿತ್ತಲ್ಲವ್ವ" ಅಂದರು.

ಕೆಂಬೂತ, ಮಿಂಚುಳ್ಳಿ, ಒಂಟಿಯಾಗಿ ಬಂದ ಯಾವುದೂ ಅವರ ಪಟ್ಟಿಯಲ್ಲಿ ಯಾಕಿರಲಿಲ್ಲ ಅಂತ ಆಗ ತಿಳಿಯಿತು. ಎಲ್ಲವನ್ನೂ ನೋಡಿದ್ದರು. ನನ್ನ ಹೊಟ್ಟೆಕಿಚ್ಚನ್ನೂ ನೋಡಿದ್ದರು, ಅದನ್ನೂ ಯಾರಿಗೂ ಹೇಳಿರಲಿಲ್ಲ. ಅಷ್ಟು ವರ್ಷ ನಾನು ಮೆರೆಸಿದ ನವರಂಗ ಅವರ ಹಿತ್ತಲಲ್ಲಿ ಉಂಡು, ಮಿಕ್ಕ ಹೊಟ್ಟೆಗೆ ಗೋಡೆ ದಾಟಿ ಬರುತ್ತಿದ್ದ ಹಕ್ಕಿ. ಕರುಬುವುದಕ್ಕೆ ಅಲ್ಲಿಯ ತನಕ ಗಿಳಿ ಇತ್ತು, ಮೊರ ಇತ್ತು, ಸೀಬೆ ಮರ ಇತ್ತು. ಆ ಸಂಜೆ ನಾನು ಕರುಬಿದ್ದು ಅವಕ್ಕಲ್ಲ. ಕಣ್ಣೆದುರು ಅಂಥ ಹಕ್ಕಿ ಕುಣಿಯುತ್ತಿರುವಾಗ ಯಾರಿಗೂ ಹೇಳದೆ ಸುಮ್ಮನೆ ಇರಲು ಬರುತ್ತಿತ್ತಲ್ಲ ಈ ಹೆಂಗಸಿಗೆ, ಅದಕ್ಕೆ. ಅದು ನನಗೆ ಇವತ್ತಿಗೂ ಬಂದಿಲ್ಲ.

ಯುಗಾದಿಗೆ ಮುಂಚೆಯೇ ಅಕ್ಕ ಹೋದರು. ಮೈಸೂರಿನ ಹುಡುಗಿ ಬಂದಿದ್ದಳು. ಪಟ್ಟಿಯ ವಿಷಯ ಅವಳಿಗೆ ಹೇಳಿದೆ. ಲೆಕ್ಕ ತಪ್ಪಾಯಿತು ಅಂತ ಬೈಯಬಹುದು ಅಂದುಕೊಂಡಿದ್ದೆ, ಒಂದು ರೀತಿಯಲ್ಲಿ ಬೈಯಲಿ ಅಂತಲೂ ಆಸೆ ಇತ್ತು. ಅವಳು ನಕ್ಕಳು, ನಕ್ಕು ನಕ್ಕು ಅತ್ತುಬಿಟ್ಟಳು. "ನಾನು ಹೋದ್ರೆ ಯಾರಾದ್ರೂ ಹೀಗೆ ಅಳ್ತಾರಾ" ಅಂತ ಆಗಲೂ ಒಂದು ಮಾತು ನನ್ನ ಮನಸ್ಸಿನಲ್ಲಿ ಹಾದು ಹೋಯಿತು.

ಈಗ ಅವರ ಮನೆಯಲ್ಲಿ ಬಾಡಿಗೆಯವರಿದ್ದಾರೆ. ಒಳ್ಳೆಯ ಜನ. ಹಿತ್ತಲನ್ನು ದಿನವೂ ಗುಡಿಸುತ್ತಾರೆ, ಎಲೆಗಳನ್ನು ಗುಡ್ಡೆ ಮಾಡಿ ಸುಡುತ್ತಾರೆ. ಸೀಬೆ ಮರ ಇದೆ, ಹಣ್ಣನ್ನು ಕಾಯಿಯಲ್ಲೇ ಕಿತ್ತುಕೊಳ್ಳುತ್ತಾರೆ. ನಮ್ಮ ಹಿತ್ತಲಿನ ಎಲೆಯನ್ನು ನಾನು ಮುಟ್ಟುವುದಿಲ್ಲ. ಗಿಳಿ ಬರುತ್ತವೆ, ಬೆಳವ ಬರುತ್ತವೆ, ನವರಂಗವೂ ಬರುತ್ತದೆ. ಒಂದನ್ನೂ ಬಿಡದೆ ಹಾಕುತ್ತೇನೆ. ಊರಿನಲ್ಲಿ ನನ್ನ ಪಟ್ಟಿಯೇ ಮೊದಲನೆಯದು. ಸಾಯಂಕಾಲ ಕಾಫಿ ಹಿಡಿದು ಕೂತಾಗ ಈಗಲೂ ಮೊದಲು ಅಕ್ಕನದನ್ನೇ ತೆಗೆಯುತ್ತೇನೆ. ಅವರ ಕೊನೆಯ ಪಟ್ಟಿಯಲ್ಲಿ ಪಿಕಳಾರ ನಾಲ್ಕು ಅಂತ ಇದೆ, ನಾನೇ ಹಾಕಿದ್ದು. ಆಮೇಲೆ ಏನೂ ಇಲ್ಲ.

ನಮ್ಮೂರಿನಲ್ಲಿ ಹಕ್ಕಿ ಎಣಿಸುವವರು ನಾವು ಇಬ್ಬರಿದ್ದೆವು. ಈಗ ನಾನೊಬ್ಬಳು. ಅಕ್ಕನ ಲೆಕ್ಕದಲ್ಲಿ ಹೇಳುವುದಾದರೆ, ಯಾರೂ ಇಲ್ಲ.