ಮೂರು ಗಂಟೆಗೆ ಮುಚ್ಚಬಹುದಿದ್ದ ಕಾರ್ಖಾನೆ

ನಾನು ಚಿಕ್ಕವನಿದ್ದಾಗ ನಮ್ಮ ಅಂಗಳದಲ್ಲಿ ಒಣಹಾಕಿದ ಬಟ್ಟೆ ಸಂಜೆಯ ಹೊತ್ತಿಗೆ ಮತ್ತೆ ಕೊಳೆಯಾಗುತ್ತಿತ್ತು. ದರ್ಬೆ ಪೇಟೆಯಿಂದ ಸ್ವಲ್ಪ ಕೆಳಗೆ, ಗೇರುಬೀಜದ ಕಾರ್ಖಾನೆಯ ಹಿಂದೆಯೇ ನಾವಿದ್ದೆವು. ಅಪ್ಪ ಅಲ್ಲಿ ಬೀಜ ಹುರಿಯುತ್ತಿದ್ದರು. ಹುರಿದದ್ದನ್ನು ಅಕ್ಕ ಒಡೆಯುತ್ತಿದ್ದಳು. ಸಿಪ್ಪೆಯ ಎಣ್ಣೆ ಸುಟ್ಟು ಏಳುವ ಹೊಗೆಗೆ ಕಣ್ಣು ಉರಿಯುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಮಲಗಿದರೆ ಅಪ್ಪನಿಗೆ ಕೆಮ್ಮು ಬರುತ್ತಿತ್ತು. ಹಾಗಾಗಿ ಗೋಡೆಗೆ ಒರಗಿ ಕುಳಿತೇ ನಿದ್ರೆ ಮಾಡುತ್ತಿದ್ದರು.

ಒಂದು ವರ್ಷ ಮಳೆಗಾಲ ಮುಗಿಯುವಾಗ ಬೀಜದ ದಾಸ್ತಾನು ಕಡಿಮೆಯಾಗಿ, ಕಾರ್ಖಾನೆ ಮಧ್ಯಾಹ್ನಕ್ಕೇ ಮುಚ್ಚತೊಡಗಿತು. ಮೂರು ವಾರ ಹಾಗೆ ನಡೆಯಿತು. ಊಟದ ನಂತರ ಆಕಾಶ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಬೇಲಿಯ ದಾಸವಾಳದ ಎಲೆಗಳ ಮೇಲಿದ್ದ ಮಸಿ ಒಂದು ಮಳೆಗೆ ಹೋಯಿತು, ಮತ್ತೆ ಅಷ್ಟು ಕೂರಲಿಲ್ಲ. ಅಕ್ಕ ನನ್ನ ಜೊತೆ ತೋಡಿಗೆ ಬಂದು, ಎಣ್ಣೆಗೆ ಕಪ್ಪಾದ ಬೆರಳುಗಳನ್ನು ಹರಿಯುವ ತಣ್ಣನೆಯ ನೀರಿನಲ್ಲಿ ಅದ್ದಿ ಕೂರುತ್ತಿದ್ದಳು. ಅಪ್ಪ ಚಾಪೆಯ ಮೇಲೆ ಉದ್ದಕ್ಕೆ ಮಲಗಿ ನಿದ್ರೆ ಮಾಡಿದರು. ಅವರನ್ನು ಹಾಗೆ ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಬೀಜದ ಲಾರಿಗಳು ಬಂದವು. ಆ ಶನಿವಾರ ಶಾಲೆ ಬಿಟ್ಟವನು ನೇರ ಕಾರ್ಖಾನೆಗೆ ಹೋದೆ. ಧಣಿ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದ್ದರು. ಬೇಗ ಮುಚ್ಚಿದ ದಿನಗಳಲ್ಲಿ ಯಾರ ಕೈಯೂ ಸೋಲದೆ, ಬೀಜ ಪುಡಿಯಾಗುವುದು ಕಡಿಮೆಯಾಗಿದೆ ಎಂದು ಅವರು ಗಮನಿಸಿದ್ದರಂತೆ. ಇನ್ನು ಕತ್ತಲಾಗುವವರೆಗೆ ದುಡಿಯುವುದು ಬೇಡ, ಮೂರು ಗಂಟೆಗೆ ಮುಚ್ಚಬಹುದು, ಕೂಲಿ ಕಡಿಮೆ ಮಾಡುವುದಿಲ್ಲ ಎಂದರು.

“ಬೇಕಾದವರು ಕೈ ಎತ್ತಿ ಮಾರಾಯ್ರೆ. ನನಗೆ ಎಂತ ಬೇಜಾರಿಲ್ಲ.”

ಹಿಂದೆ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು, “ಮೊದಲು ಎತ್ತಿದವ ಮೈಗಳ್ಳ ಅಂತ ಊರಿಡೀ ಗೊತ್ತಾಗ್ತದೆ” ಎಂದರು. ಎಲ್ಲರೂ ನಕ್ಕರು. ಅಕ್ಕನ ಕೈ ಭುಜದವರೆಗೆ ಹೋಗಿ, ಕೂದಲು ಸರಿಮಾಡಿಕೊಂಡು ಕೆಳಗಿಳಿಯಿತು. ಒಂದೂ ಕೈ ಏಳಲಿಲ್ಲ. ಧಣಿ ಸ್ವಲ್ಪ ಹೊತ್ತು ಕಾದರು. ಹಾಗಾದರೆ ಮೊದಲಿನ ಹಾಗೆಯೇ ಇರಲಿ ಎಂದು ಒಳಗೆ ಹೋದರು.

ಮನೆಗೆ ಬರುವ ದಾರಿಯಲ್ಲಿ ಅಕ್ಕ ಕೇಳಿದಳು: “ನೀವು ಎತ್ತಬಹುದಿತ್ತಲ್ವಾ ಅಪ್ಪ? ಎಲ್ಲರೂ ನಿಮ್ಮನ್ನೇ ನೋಡ್ತಾ ಇದ್ರು.”

“ನಾನು ಅವರನ್ನು ನೋಡ್ತಾ ಇದ್ದೆ ಮಗಳೇ” ಎಂದರು ಅಪ್ಪ.

ಸೋಮವಾರದಿಂದ ಹೊಗೆ ಮತ್ತೆ ಕತ್ತಲಾಗುವವರೆಗೆ ಏಳತೊಡಗಿತು. ಅಪ್ಪ ಗೋಡೆಗೆ ಒರಗಿದರು. ಇನ್ನೊಂದು ಮಳೆಗಾಲ ಕಳೆಯುವ ಮೊದಲೇ ತೀರಿಕೊಂಡರು. ಹೊಗೆಯೇ ಕಾರಣ ಎಂದು ಯಾವ ಡಾಕ್ಟರೂ ಹೇಳಲಿಲ್ಲ. ಆದ್ದರಿಂದ ನಾನೂ ಹೇಳುವುದಿಲ್ಲ. ಮೂರು ವಾರ ಅವರು ಮಲಗಿ ನಿದ್ರಿಸಿದ್ದನ್ನು ನೋಡಿದ್ದೇನೆ. ನನಗೆ ಗೊತ್ತಿರುವುದು ಅಷ್ಟೇ.

ಮಕ್ಕಳೇ, ಈಗ ಅಲ್ಲಿ ಕಾರ್ಖಾನೆ ಇಲ್ಲ, ಮನೆಗಳಿವೆ. ನಿಮ್ಮ ಅಂಗಿಗಳಿಗೆ ಸಾಬೂನಿನ ಪರಿಮಳ. ಆದರೆ ನಿಮ್ಮಮ್ಮನ ಆಫೀಸು ಅವಳ ಜೊತೆ ಮನೆಗೂ ಬರುತ್ತದೆ. ನಿನ್ನೆ ಊಟದ ತಟ್ಟೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದೇ ಇತ್ತು. ನೀವಿಬ್ಬರೂ ಕೇರಂ ಬೋರ್ಡು ಹಾಕಿಕೊಂಡು ಅವಳಿಗಾಗಿ ಕಾದು ಕಾದು ಅಲ್ಲೇ ನಿದ್ರೆ ಹೋದಿರಿ. ಸಾಕು ಮಗಳೇ, ಮುಚ್ಚು ಎಂದು ನಿಮ್ಮಮ್ಮನಿಗೆ ಹೇಳಬೇಕೆನಿಸಿತು. ಬೇರೆ ಯಾರಾದರೂ ಮೊದಲು ಹೇಳಲಿ ಎಂದು ನಾನೂ ಕಾದೆ.