ಪಕ್ಕದ ಕೋಣೆ ಜರ್ಮನಿಯಲ್ಲಿತ್ತು

ಆರಿಫ್‌ಗೆ ಮದುವೆಯಾಗಿತ್ತು. ಹೆಂಡತಿಯನ್ನು ಮಾತ್ರ ಅವನು ಫೋನಿನಲ್ಲಿ ಬಿಟ್ಟು ಇನ್ನೆಲ್ಲೂ ನೋಡಿರಲಿಲ್ಲ. ಭದ್ರಾವತಿಯಲ್ಲಿ ಅವನದೊಂದು ಲಾರಿ ಗ್ಯಾರೇಜು. ಅವಳು ಅತೀಕಾ, ಅದೇ ಊರಿನವಳೇ. ಚಿಕ್ಕಂದಿನಲ್ಲೇ ಅಪ್ಪ ಗುಲಾಮ್ ಮೊಹಿದ್ದೀನರ ಜತೆ ಅಮೆರಿಕಕ್ಕೆ ಹೋದವಳು ದೊಡ್ಡವಳಾಗಿ ಅಲ್ಲಿನ ಸೈನ್ಯ ಸೇರಿ, ಈಗ ಜರ್ಮನಿಯ ಶಿಬಿರವೊಂದರಲ್ಲಿ ಸೈನ್ಯದ ಲಾರಿ ರಿಪೇರಿ ಮಾಡುತ್ತಿದ್ದಳು. ಇಬ್ಬರ ಪ್ರೇಮ ಶುರುವಾದದ್ದೇ ಒಂದು ಗೇರ್‌ಬಾಕ್ಸಿನ ವಿಚಾರಕ್ಕೆ ಫೋನಿನಲ್ಲಿ ಜಗಳವಾಡಿ. ಗೆದ್ದವಳು ಅವಳು, ಹಿಗ್ಗಿದವನು ಇವನು.

ಅವಳ ಬಳಿ ಹೋಗಲು ಎರಡು ದಾರಿಗಳಿದ್ದವು. ಒಂದು, ಮದುವೆಯಾಗಲಿರುವ ಹುಡುಗನೆಂದು ವೀಸಾ ಪಡೆದು ಅಮೆರಿಕದಲ್ಲಿ ಮದುವೆಯಾಗುವುದು. ಇನ್ನೊಂದು, ಇಲ್ಲೇ ಮದುವೆಯಾಗಿ ಗಂಡನೆಂದು ಜರ್ಮನಿಗೆ ಹೋಗಿ, ಅಲ್ಲಿಂದ ಅಮೆರಿಕದ ವೀಸಾಕ್ಕೆ ಕೈಹಾಕುವುದು. ಅವನನ್ನು ಸಾಕಿದ ಅಜ್ಜಿ ಹಾಜರಾ ಮೊದಲ ದಾರಿಯನ್ನು ನಿಂತ ನಿಲುವಿನಲ್ಲೇ ತಳ್ಳಿಹಾಕಿದಳು.

"ನಿಕಾ ಆಗ್ದೆ ಹುಡ್ಗೀ ಮನೆ ಬಾಗ್ಲಿಗೆ ಹೋಗ್ತಾನಂತಾ? ನಾನು ಕಳ್ಸಲ್ಲ."

ಸರಿ, ಗಂಡನ ದಾರಿಯೇ ಎಂದಾಯಿತು. ಆದರೆ ಅತೀಕಾಗೆ ರಜೆ ಸಿಗಲಿಲ್ಲ. ಅಜ್ಜಿ ಅದಕ್ಕೂ ಜಗ್ಗಲಿಲ್ಲ. ನಿಕಾದಲ್ಲಿ ಹುಡುಗಿ ಹೇಗೂ ಪಕ್ಕದ ಕೋಣೆಯಲ್ಲಿ ಹೆಂಗಸರ ನಡುವೆ ಕೂತಿರುತ್ತಾಳೆ, ಹುಡುಗ ಈಚೆ ಗಂಡಸರ ನಡುವೆ. ಆ ಪಕ್ಕದ ಕೋಣೆ ಜರ್ಮನಿಯಲ್ಲಿದ್ದರೆ ಯಾರ ಗಂಟೇನು ಹೋಯಿತು ಎಂಬುದು ಅವಳ ವಾದ. ಗುಲಾಮ್ ಮೊಹಿದ್ದೀನರು ಊರಿಗೆ ಬಂದರು, ಅತೀಕಾ ವಿಡಿಯೋ ಕಾಲಿನಲ್ಲಿ ಒಪ್ಪಿಗೆ ಕೊಟ್ಟಳು, ಬೀದಿಗೆ ಬೀದಿಯೇ ಬಿರಿಯಾನಿ ಉಂಡಿತು.

ಆಮೇಲೆ ಅಜ್ಜಿ, ಮೊಮ್ಮಗ ಶಿವಮೊಗ್ಗದ ವಿನೋಬನಗರಕ್ಕೆ ಹೋದರು. ಅಲ್ಲಿ ವೀಸಾ ಕೆಲಸ ಮಾಡಿಕೊಡುವ ಪ್ರಿಯದರ್ಶಿನಿ ನಿಕಾದ ವಿಡಿಯೋ ನೋಡಿದಳು, ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

"ಹುಡುಗ ಹುಡುಗಿ ಒಂದೇ ಜಾಗದಲ್ಲಿ ಇಲ್ದೆ ಆದ ಮದ್ವೇನ ಅಮೆರಿಕದವರು ಹಂಗೇ ಒಪ್ಪಲ್ಲ. ಹೋಗ್ಲಿ, ಇನ್ನೂ ಮದ್ವೆ ಆಗಿಲ್ಲ ಅನ್ನೋಣ ಅಂದ್ರೆ ಬಿರಿಯಾನಿ ತನಕ ವಿಡಿಯೋ ಮಾಡ್ಸಿದೀರಿ."

"ಹಂಗಾದ್ರೆ ನಾನು ಯಾರು ಮೇಡಂ?" ಎಂದ ಆರಿಫ್.

ಬ್ರಹ್ಮಚಾರಿಯೂ ಅಲ್ಲ, ಗಂಡನೂ ಅಲ್ಲ, ನೀನೊಬ್ಬ ಎಡಬಿಡಂಗಿ ಎಂದು ಮುಖಕ್ಕೆ ಹೇಳಲಾದೀತೇ? ಪ್ರಿಯದರ್ಶಿನಿ ಅಜ್ಜಿಯ ಕಡೆ ತಿರುಗಿ ದನಿ ತಗ್ಗಿಸಿದಳು. "ಅಜ್ಜಿ, ನಿಕಾ ಆದ್ಮೇಲೆ ಗಂಡ ಹೆಂಡ್ತಿ ಒಟ್ಟಿಗೆ ಇದ್ರೆ ಒಪ್ತಾರೆ."

"ಒಟ್ಟಿಗೆ ಅಂದ್ರೆ?"

"ಒಟ್ಟಿಗೆ ಅಂದ್ರೆ ಒಟ್ಟಿಗೆ, ಅಜ್ಜಿ."

ಹಾಜರಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಬಸ್ ಸ್ಟ್ಯಾಂಡ್ ಮುಟ್ಟುವವರೆಗೂ ಅವಳ ಭುಜ ಕುಲುಕುತ್ತಲೇ ಇತ್ತು. ಆರಿಫ್ ಅಪರಿಚಿತನಂತೆ ಮುಂದೆ ಮುಂದೆ ನಡೆದ.

ಕಡೆಗೂ ಅತೀಕಾಗೆ ಒಂದು ವಾರದ ರಜೆ ಸಿಕ್ಕಿತು. ಅದು ಮುಗಿದರೆ ಅವಳ ತುಕಡಿ ಬೇರೆ ದೇಶಕ್ಕೆ ಹೊರಡಲಿತ್ತು, ಮತ್ತೆ ರಜೆಯೆಂದರೆ ಮುಂದಿನ ವರ್ಷದ ಮಾತು. ಈ ವಾರ ಆರಿಫ್ ಪೂರ್ತಿ ಗಂಡನಾಗದಿದ್ದರೆ ಇನ್ನೊಂದು ವರ್ಷ ಫೋನೇ ಗತಿ.

ಅವಳು ಬಂದಳು. ಫೋನಿನಲ್ಲಿ ಅಂಗೈಯಗಲ ಇದ್ದವಳು ತನಗಿಂತ ಎತ್ತರವಿದ್ದಾಳೆಂದು ಗೊತ್ತಾಗಿ ಆರಿಫ್‌ಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆದರೆ ಅವಳ ಹಿಂದೆಯೇ ನೆಂಟರ ದಂಡೂ ಬಂತು. ರಾತ್ರಿಯಾದರೆ ಆರಿಫ್‌ನ ಸೋದರತ್ತೆ ಆಯೆಷಾ ಅತೀಕಾಳ ಪಕ್ಕದಲ್ಲೇ ಹಾಸಿಗೆ ಬಿಡಿಸಿ ಅಮೆರಿಕದ ಕತೆ ಕೇಳುತ್ತಿದ್ದಳು. ಇಬ್ಬರೇ ಸಕ್ರೆಬೈಲಿನ ಆನೆ ಕ್ಯಾಂಪಿಗೆ ಹೋಗೋಣವೆಂದು ಆರಿಫ್ ಗುಟ್ಟಾಗಿ ಕಾರು ಹೇಳಿದರೆ, ಬಾಗಿಲಿಗೆ ಬಂದು ನಿಂತದ್ದು ಟೆಂಪೋ, ಅದೂ ಭರ್ತಿ. ವೀಸಾಕ್ಕೆ ಬೇಕಾಗುತ್ತದೆಂದು ತೆಗೆಸಿದ ಒಂದೊಂದು ಫೋಟೋದಲ್ಲೂ ಗಂಡ ಹೆಂಡಿರ ನಡುವೆ ಚಿಕ್ಕಪ್ಪ ಮುನ್ನಾ ಹಲ್ಲು ಕಿರಿಯುತ್ತಿದ್ದ. ಕ್ಯಾಂಪಿನ ಆನೆಯಾದರೂ ಪಕ್ಕಕ್ಕೆ ಸರಿಯಿತು, ಮುನ್ನಾ ಸರಿಯಲಿಲ್ಲ.

ರಜೆ ಮುಗಿಯುತ್ತ ಬಂತು. ಮೊಮ್ಮಗ ಊಟ ಬಿಟ್ಟದ್ದು ಹಾಜರಾಳ ಕಣ್ಣಿಗೆ ಬಿತ್ತು. ಅದೇ ಸಂಜೆ ಅಂಗಳಕ್ಕಿಳಿದಳು.

"ಎಲ್ರೂ ಗಾಡಿ ಹತ್ತಿ. ಶಂಕರಘಟ್ಟದಲ್ಲಿ ನನ್ನ ತಂಗಿ ಮನೆಗೆ ಹೋಗೋಣ. ನಾಳೆ ಬರೋದು."

"ನಂಗೆ ಸೊಂಟನೋವು, ನಾನು ಮನೇಲಿರ್ತೀನಿ" ಎಂದ ಮುನ್ನಾ.

"ನೀನೇ ಮೊದ್ಲು ಹತ್ತು."

ಗಾಡಿಯ ಸದ್ದು ದೂರವಾಯಿತು. ಗಂಟೆಗಟ್ಟಲೆ ಫೋನಿನಲ್ಲಿ ಹರಟುತ್ತಿದ್ದವರು ಎದುರಾಬದುರು ಕೂತು, ಮಾತು ಸಿಗದೆ ತಡಕಾಡಿದರು. ಮೊದಲು ನಕ್ಕವಳು ಅತೀಕಾ.

"ವೀಸಾಗೋಸ್ಕರ ಕೂತಿದೀಯಾ ಆರಿಫ್?"

"ವೀಸಾ ಹಾಳಾಗ್ಹೋಗ್ಲಿ ಮಾರಾಯ್ತಿ. ನೀನು ಎದುರಿಗೆ ಕೂತಿದೀಯಲ್ಲ, ನಂಗೆ ಅದೇ ತಲೆ ತಿರುಗ್ತಾ ಇದೆ."

ಅವಳು ಎದ್ದು ಹೋಗಿ ಬೀದಿಯ ಕಡೆಯ ಕಿಟಕಿ ಹಾಕಿ ಬಂದಳು.

ಮರುದಿನ ದಂಡೆಲ್ಲ ವಾಪಸಾಗಿ ಊಟಕ್ಕೆ ಕೂತಿರುವಾಗ ಪ್ರಿಯದರ್ಶಿನಿಯ ಫೋನು ಬಂತು. ಎಲ್ಲರಿಗೂ ಕೇಳಲೆಂದು ಮುನ್ನಾ ಸ್ಪೀಕರ್ ಒತ್ತಿಬಿಟ್ಟ.

"ತಪ್ಪು ತಿಳ್ಕೋಬೇಡಿ, ಕೇಳ್ಲೇಬೇಕು. ನೀವಿಬ್ರೂ ಒಟ್ಟಿಗೆ ಇದ್ರಾ?"

ಎತ್ತಿದ ತುತ್ತು ಎಲ್ಲರ ಕೈಯಲ್ಲೇ ನಿಂತಿತು. ಅತೀಕಾ ಬೆನ್ನು ನೆಟ್ಟಗೆ ಮಾಡಿ, ಮೇಲಧಿಕಾರಿಗೆ ವರದಿ ಒಪ್ಪಿಸುವ ದನಿಯಲ್ಲಿ ಹೇಳಿದಳು. "ಇದ್ವಿ ಮೇಡಂ. ಬರ್ಕೊಳ್ಳಿ."

ಮನೆಯೆಲ್ಲ ಗೊಳ್ಳೆಂದಿತು. ಹಾಜರಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆರಿಫ್‌ನ ಕಿವಿಯೆರಡೂ ಕೆಂಪಾಗಿದ್ದವು. ಆದರೂ ಸರ್ಕಾರದ ವಿಚಾರ, ಅನುಮಾನಕ್ಕೆ ಎಡೆಯಿರಬಾರದೆಂದು ಅವನು ಫೋನಿನತ್ತ ಬಾಗಿ, ಗಂಟಲು ಸರಿಮಾಡಿಕೊಂಡು ಹೇಳಿದ.

"ಹೌದು ಮೇಡಂ. ನಾನೂ ಇದ್ದೆ."