ಬರೀ ಮೂವತ್ತು ಅಂದರೆ?

ಬಿಡದಿಯ ಕಾರ್ಖಾನೆಯೊಂದರಲ್ಲಿ ನಾನು ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ನಮಗೆ ಬಿಡಿಭಾಗ ಮಾಡಿಕೊಡುವ ಸುತ್ತಲಿನ ಸಣ್ಣ ವರ್ಕ್‌ಶಾಪ್‌ಗಳವರು ಬೆಳಗ್ಗೆ ನಮ್ಮ ವೆಬ್‌ಸೈಟ್ ತೆರೆದು ಆ ದಿನದ ಆರ್ಡರ್ ಹಿಡಿಯಬೇಕಿತ್ತು. ಮೊದಲು ಬಂದವರಿಗೆ ಸಿಗುತ್ತಿತ್ತು.

ಕನಕಪುರದಲ್ಲಿ ರಬ್ಬರ್ ವಾಷರ್ ಮಾಡಿಸುತ್ತಿದ್ದ ಒಬ್ಬ ಹೆಂಗಸಿಗೆ ಮಾತ್ರ ಪುಟ ತೆರೆಯುತ್ತಲೇ ಇರಲಿಲ್ಲ. ಫೋನಿನಲ್ಲಿ ಜಗಳವಾಡಿ ಸಾಕಾಗಿ, ಒಂದು ದಿನ ಬಸ್ಸು ಹತ್ತಿ ಬಂದೇಬಿಟ್ಟರು.

“ನೀವು ಚನ್ನಪಟ್ಟಣದೋರಂತೆ?” ಎಂದರು, ಕೂರದೆಯೇ.

“ಹೌದಮ್ಮ.”

“ಅದ್ಕೇ ಆ ಊರೋರ್ಗೆ ದಿನಾ ತೆಗೀತದೆ. ನಮ್ಗೆ ಬಾಗ್ಲು ಹಾಕ್ಬುಡ್ತೀರ.”

ಪಕ್ಕದ ಕೋಣೆಯಲ್ಲಿದ್ದ ಮ್ಯಾನೇಜರ್ ಕಿವಿಗೆ ಇದು ಬಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ, “ಚನ್ನಪಟ್ಟಣದ ವರ್ಕ್‌ಶಾಪಿನವರು ನಿಮಗೆ ನೆಂಟರೇನ್ರಿ?” ಎಂದು ಸಹಜವಾಗಿ ಕೇಳುವಂತೆ ಕೇಳಿದರು. ಅಲ್ಲ ಎಂದೆ. ಸಂಜೆ ನೋಡಿದರೆ ವೆಬ್‌ಸೈಟ್ ನಡೆಸುವ ಸರ್ವರ್ ಕೋಣೆಯ ಬೀಗದ ಕೈ ನನ್ನ ಮೇಜಿನಿಂದ ಅವರ ಮೇಜಿಗೆ ಹೋಗಿತ್ತು.

ಆಕೆಯನ್ನೇ ಮತ್ತೊಂದು ಬೆಳಗ್ಗೆ ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡೆ. ಮ್ಯಾನೇಜರ್ ಹಿಂದೆ ನಿಂತರು. ಆರ್ಡರ್ ಬಿಟ್ಟ ಗಳಿಗೆಯಲ್ಲಿ ಸರ್ವರ್ ಒಮ್ಮೆಗೆ ತಾಳುವಷ್ಟು ಸಂಪರ್ಕಗಳೆಲ್ಲ ಆಗಲೇ ಭರ್ತಿ. ಅವುಗಳಲ್ಲಿ ಹೆಚ್ಚಿನವನ್ನು ಚನ್ನಪಟ್ಟಣದ ಒಂದೇ ವರ್ಕ್‌ಶಾಪ್ ಹಿಡಿದುಕೊಂಡು ಸುಮ್ಮನೆ ಕೂತಿತ್ತು.

“ನಾನ್ ಯೋಳ್ಲಿಲ್ವಾ?” ಎಂದರು ಆಕೆ.

ಸೆಟ್ಟಿಂಗ್ಸ್ ತೆರೆದೆ. ಕೆಲಸ ಬಿಟ್ಟು ಹೋಗಿದ್ದ ಯಾರೋ ಬರೆದಿಟ್ಟ ಎರಡು ಸಾಲು: ‘ಟೈಮೌಟ್ 30’, ‘ಲಿಮಿಟ್ 0’. ಸುಮ್ಮನೆ ಕೂತ ಸಂಪರ್ಕವನ್ನು ಮೂವತ್ತು ಸೆಕೆಂಡಿಗೆ ಕಡಿಯುತ್ತದೆ ಎಂದೇ ನಾವೆಲ್ಲ ತಿಳಿದಿದ್ದೆವು. ಪ್ರೋಗ್ರಾಮ್ ಒಳಗೆ ಹುಡುಕಿದರೆ ಅದು ನಿಮಿಷ! ಪುಟ ತೆರೆದಿಟ್ಟು ಟೀಗೆ ಹೋದವನ ಜಾಗವೂ ಅರ್ಧ ಗಂಟೆ ಅವನದೇ. ಸೊನ್ನೆಯೆಂದರೆ ಒಬ್ಬರು ಎಷ್ಟು ಜಾಗ ಬೇಕಾದರೂ ಹಿಡಿಯಬಹುದು ಎಂದು. ಚನ್ನಪಟ್ಟಣದವರು ಬೇಗ ಎದ್ದು, ಇದ್ದಬದ್ದ ಕಂಪ್ಯೂಟರಿನಲ್ಲೆಲ್ಲ ಪುಟ ತೆರೆದಿಡುತ್ತಿದ್ದರು, ಅಷ್ಟೆ.

“ಬರೀ ಮೂವತ್ತು ಅಂತ ಯಾಕ್ ಬರುದ್ರು? ಬಚ್ಚಿಡೋರು ಇಂಗೇ ಬರ್ಯೋದು,” ಎಂದರು ಆಕೆ.

ಅಂದೇ ಆ ಸಾಲುಗಳನ್ನು ಕಿತ್ತುಹಾಕಿದೆ. ‘ಸುಮ್ಮನಿರುವ ಸಂಪರ್ಕ ಕಡಿಯುವ ಮುನ್ನ ಕಾಯುವ ಸೆಕೆಂಡು’, ‘ಒಂದು ವರ್ಕ್‌ಶಾಪಿಗೆ ಹೆಚ್ಚೆಂದರೆ ಎಷ್ಟು ಸಂಪರ್ಕ’ ಎಂದು ಉದ್ದುದ್ದ ಹೆಸರಿಟ್ಟು, ಮೊದಲನೆಯದಕ್ಕೆ ಮೂವತ್ತು, ಎರಡನೆಯದಕ್ಕೆ ಎರಡು ಎಂದು ತುಂಬಿದೆ. ಮಿತಿ ಬೇಡವೆನ್ನುವವರು ಸೊನ್ನೆ ಹಾಕುವಂತಿಲ್ಲ, ‘ಮಿತಿ ಇಲ್ಲ’ ಎಂದೇ ಬರೆಯಬೇಕು. ಮ್ಯಾನೇಜರ್ ಎರಡು ಸಲ ಓದಿದರು. ಬೀಗದ ಕೈಯನ್ನು ನನ್ನ ಮುಂದಿಟ್ಟು ಹೋದರು.

ಮರುದಿನ ಬೆಳಗ್ಗೆ ಕನಕಪುರದಿಂದ ಫೋನ್ ಬಂತು.

“ಇವತ್ತೇನೋ ತೆಗೀತು ಸಾರ್,” ಎಂದರು ಆಕೆ. “ನಾಳೀಕೂ ನೋಡ್ತೀನಿ,” ಎಂದು ಇಟ್ಟುಬಿಟ್ಟರು.